ಒಂದೊಂದೇ ತೂತು

ಮಿಡಲ್‌ಹ್ಯಾಮಿನ ಲಾಯದಲ್ಲಿ ಬೆಳಗಿನ ಏಳು ಗಂಟೆ.
ಬಕೆಟ್ಟಿನ ನೀರಿನ ಮೇಲೆ ಹಪ್ಪಳದಷ್ಟು ತೆಳ್ಳಗೆ ಮಂಜುಗಡ್ಡೆ.
ಪೆಗ್ ಎಂಬ ಕಂದು ಹೆಣ್ಣುಕುದುರೆ
ನಾನು ಜೀನು ಹೊತ್ತು ಬರುವುದು ಕಂಡೇ
ಕಿವಿಯೆರಡನ್ನೂ ಹಿಂದಕ್ಕೆ ಒರಗಿಸಿದಳು.
"ಕೈ ಜೋಪಾನ" ಅಂದ ಡೆರೆಕ್ ಹಾಲ್ಡನ್.
ತೋಳಿನ ಮೇಲಿನ ಹಳೆಯ ಹಲ್ಲಿನ ಗುರುತು ತೋರಿಸಿ,
"ಇದು ಅವಳ ರುಜು."

ಮೊಂಡಿ, ಅನ್ನುತ್ತಾರೆ ಇಲ್ಲಿ ಎಲ್ಲರೂ.
ಹೊಟ್ಟೆಪಟ್ಟಿ ಕೈಗೆತ್ತಿಕೊಂಡರೆ ಸಾಕು
ಕುತ್ತಿಗೆ ಹೊರಳಿಸಿ ಗಾಳಿಯನ್ನೇ ಕಚ್ಚುತ್ತಾಳೆ,
ಎದೆಗೂಡಿನ ತುಂಬ ಉಸಿರು ತುಂಬಿಕೊಂಡು
ಮಡಕೆಯ ಹಾಗೆ ಉಬ್ಬುತ್ತಾಳೆ.
ಕಳ್ಳಿ, ಅನ್ನುತ್ತಾರೆ.
ಮೊಣಕಾಲಿಂದ ಪಕ್ಕೆಗೊಂದು ಗುದ್ದು ಕೊಟ್ಟು
ಉಸಿರು ಇಳಿದ ಗಳಿಗೆಯಲ್ಲಿ
ಸರ್ರನೆ ಎಳೆ, ನಾಲ್ಕು ತೂತು ಒಮ್ಮೆಗೇ,
ಹಾಗಂತ ಕಲಿಸಿದ್ದಾರೆ.

ನಮ್ಮಪ್ಪ ಕುಣಿಗಲ್ಲಿನ ಲಾಯದಲ್ಲಿ ಇದಕ್ಕೆ ತಂಗು ಅನ್ನುತ್ತಿದ್ದ.
ಹೆಸರೇನೋ ತಂಗು, ಕುದುರೆ ಮಾತ್ರ ತಂಗೋದಿಲ್ಲ,
ಎಂದು ತನ್ನ ಮಾತಿಗೆ ತಾನೇ ನಗುತ್ತಿದ್ದ.
ಕೈ ಬೆಚ್ಚಗೆ ಮಾಡಿಕೊಂಡು ಮುಟ್ಟು, ಅನ್ನುವುದೊಂದನ್ನು ಬಿಟ್ಟು
ಬೇರೆ ಯಾವ ವಿದ್ಯೆಯನ್ನೂ ಹೇಳಿಕೊಡಲಿಲ್ಲ.
ಹೆಣ್ಣುಮಗಳಿಗೆ ಲಾಯವೇಕೆ ಅಂದವರಿಗೂ
ಏನೂ ಹೇಳಲಿಲ್ಲ.

ಇವತ್ತು ಪಟ್ಟಿ ಹಿಡಿದು ನಿಂತವಳಿಗೆ
ನೆನಪಾದದ್ದು ಅವನಲ್ಲ, ಸೋದರತ್ತೆ ಪುಟ್ಟಗಂಗಮ್ಮ.
ಮೊದಲ ಹೆರಿಗೆಯಾದ ಹನ್ನೊಂದನೆಯ ದಿನ
ಹಳೆಯ ಸೀರೆ ಉದ್ದಕ್ಕೆ ಸೀಳಿ,
ಚಾಪೆಯ ಮೇಲೆ ಅಂಗಾತ ಮಲಗಿಸಿ,
ಹೊಟ್ಟೆ ಕಟ್ಟುತ್ತೀನಿ, ಉಸಿರು ಬಿಡು, ಅಂದಳು.
ಬಿಟ್ಟೆ.
ಅಷ್ಟೇ. ಮತ್ತೆ ತೆಗೆದುಕೊಳ್ಳುವಷ್ಟು ಜಾಗ ಉಳಿದಿರಲಿಲ್ಲ.
ಒಳಗಿನ ಹೊಲಿಗೆ ಇನ್ನೂ ಹಸಿ.
ನೋವು, ಅಂದೆ. ಯಾರು ತಡಕೊಂಡಿಲ್ಲ ಹೇಳು, ಅಂದಳು,
ಪ್ರೀತಿಯಿಂದಲೇ ಅಂದಳು, ಗಂಟಿನ ಮೇಲೆ ಗಂಟು ಹಾಕುತ್ತ.
ಮರುದಿನ ಅವಳ ಬಳೆಯ ಸದ್ದು ಬಾಗಿಲಾಚೆ ಇರುವಾಗಲೇ
ನನ್ನ ಹೊಟ್ಟೆ ತಾನಾಗಿ ಉಬ್ಬಿ ಕಲ್ಲಾಯಿತು.
ಮೋಸ ಮಾಡಬೇಕೆಂದು ಅಲ್ಲ.

ನವೆಂಬರಿನಲ್ಲಿ ಡಾಕ್ಟರು ಬಂದು
ಮೂಗಿನಿಂದ ಕೊಳವೆ ಇಳಿಸಿ ಪರದೆಯ ಮೇಲೆ ತೋರಿಸಿದ್ದರು:
ಜಠರದ ಗೋಡೆಯಲ್ಲಿ ಕೆಂಪು ಕೆಂಪು ಹುಣ್ಣು,
ತಳ ಹತ್ತಿದ ಪಾತ್ರೆಯ ಹಾಗೆ.
ಡೆರೆಕ್ ಟೋಪಿ ತೆಗೆದು ತಲೆ ಕೆರೆದುಕೊಂಡ.
ಇಪ್ಪತ್ತೆಂಟು ದಿನ ಔಷಧಿ. ಕಾಳು ಕಡಿಮೆ, ಹುಲ್ಲು ಹೆಚ್ಚು.
ಹುಣ್ಣು ಮಾಯಿತು, ಅದಕ್ಕೂ ಪರದೆಯೇ ಸಾಕ್ಷಿ.
ಪೆಗ್ ಮಾತ್ರ ಪರದೆ ನೋಡಿಲ್ಲ.
ಬಕಲ್ಲಿನ ಕಿಣಿ ಕೇಳಿದರೆ ಇವತ್ತಿಗೂ
ಚರ್ಮ ಮೊದಲು ಅದುರುತ್ತದೆ, ಆಮೇಲೆ ಹಲ್ಲು.

ಅಂಗೈ ಉಜ್ಜಿ, ಊದಿ, ಕಂಕುಳಲ್ಲಿಟ್ಟು ಕಾಯಿಸಿ
ಮುಂಗಾಲಿನ ಹಿಂದಿನ ಮೆತ್ತನೆ ಚರ್ಮದ ನಿರಿಗೆ ಬಿಡಿಸುತ್ತೇನೆ.
ಮೊದಲ ತೂತು. ಪಟ್ಟಿ ಮೈಗೆ ತಾಗಿದಷ್ಟೇ.
ಅಂಗಳದ ಕಲ್ಲಿನ ಮೇಲೆ ಒಂದು ಸುತ್ತು ನಡೆಸುತ್ತೇನೆ.
ಎರಡನೆಯ ತೂತು.
ಇನ್ನೊಂದು ಸುತ್ತು.
ಕೋಟೆಯ ಮುರುಕು ಗೋಡೆಯ ಮೇಲೆ ಕಾಗೆಗಳು ಎದ್ದಿವೆ.
ಉಳಿದ ಕುದುರೆಗಳು ಸಾಲಾಗಿ ಬಯಲಿಗೆ ಹೊರಟೇಬಿಟ್ಟವು.
"ತಡವಾಯ್ತು" ಅನ್ನುತ್ತಾನೆ ಡೆರೆಕ್, ಗಡಿಯಾರ ನೋಡದೆ.

ಮೂರನೆಯದಕ್ಕೆ ಕೈ ಹಾಕುವ ಮುನ್ನ ಕಾಯುತ್ತೇನೆ.
ಅವಳೂ ಕಾಯುತ್ತಾಳೆ, ಇವಳೇನು ಮಾಡುತ್ತಾಳೋ ಅಂತ.
ಒಂದು ಕಿವಿ ಇನ್ನೂ ಹಿಂದಕ್ಕೇ.
ಇನ್ನೊಂದು, ಏನನ್ನೋ ಮರೆತವಳ ಹಾಗೆ, ಅರ್ಧ ಮುಂದೆ.
ನನ್ನ ಎರಡು ಬೆರಳು ಪಟ್ಟಿಯ ಒಳಗಿವೆ,
ಅವುಗಳ ಮೇಲೆ ಅವಳ ಉಸಿರು
ಏರಿ, ನಿಂತು, ಇನ್ನೂ ನಿಂತು,
ಇಳಿಯಿತು.

ಮೂತಿ ಹೊರಳಿಸಿದಳು. ಕಣ್ಣು ಮುಚ್ಚಿಕೊಂಡೆ.
ನಾಳೆ ಕಚ್ಚಿಯಾಳು.
ಇವತ್ತು ತೋಳಿಗೆ ಬರೀ ಎಂಜಲು.