ಷರಾ

ನವನಗರದ ನಲವತ್ತೊಂದನೆ ಸೆಕ್ಟರಿನಲ್ಲಿ
ಕುಪ್ಪಸ ಹೊಲಿಯುವ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು
ಇಲ್ಲದ ರಾಜ್ಯವೊಂದಕ್ಕೆ ನಾನು
ಮನೆಗಳ ಕಾಯ್ದೆ ಬರೆಯುತ್ತಿದ್ದೇನೆ.

ಎರಡು ವರ್ಷದಿಂದ ಆಟದವರು ಕೇಳುತ್ತಲೇ ಇದ್ದಾರೆ:
ಘಟಸರ್ಪ ಕೊಂದೆವು, ಏಳು ಕೋಟೆ ಗೆದ್ದೆವು,
ಗೆದ್ದದ್ದನ್ನು ನೇತುಹಾಕಲು ಒಂದು ಗೂಟವಾದರೂ ಬೇಡವೆ?
ಮಾಟಗಾತಿಯೊಬ್ಬಳು ಬರೆದಿದ್ದಳು:
ಮುನ್ನೂರು ತಾಸು ಆಡಿದ್ದೇನೆ,
ಇನ್ನೂ ಎಲ್ಲಿಯೂ ಚಪ್ಪಲಿ ಬಿಟ್ಟಿಲ್ಲ.

ಹಾಗಾಗಿ ಮನೆ.
ಮಶಾಕ ಲೆಕ್ಕ ಹಾಕಿದ: ಎಲ್ಲರದೂ ಊರಲ್ಲೇ ಬೇಕೆಂದರೆ
ಸರ್ವರ್ ತಡೆಯುವುದಿಲ್ಲ. ಒಂದೇ ಬಾಗಿಲು ಇಡು,
ಯಾರು ತೆಗೆದರೆ ಒಳಗೆ ಅವರ ಮನೆ.
ಒಂದು ಬಾಗಿಲ ಹಿಂದೆ ನಲವತ್ತು ಸಾವಿರ ಪಡಸಾಲೆ,
ಒಂದರ ಗೋಡೆ ಇನ್ನೊಂದಕ್ಕೆ ತಾಗದೆ.
ಹಂಗಾದರ ಹೆಪ್ಪಿಗೆ ಒಂದ್ ಚಮಚಾ ಮೊಸರು
ಕೇಳೋದು ಯಾರನ್ನ? ಅಂದೆ.
ಜಗಳಾಡಿ, ಓಣಿಗೆ ಹನ್ನೆರಡು ಮನೆ ಎಂದು ಮುಗಿಸಿದೆವು.
ಬಾಗಿಲಿಗೆ ಬಾಗಿಲು ಎದುರಾಗಬಾರದು ಎಂದೂ ಸೇರಿಸಿದೆ.
ಯಾಕೆಂದು ಅವನು ಕೇಳಲಿಲ್ಲ.

ಸಾಮಾನಿನ ಪಟ್ಟಿಗೆ ಮಾವನ ವಹಿ ತಂದೆ.
ಗದಿಗೆಪ್ಪ ಮಾವ, ಹಿನ್ನೀರು ಬರುವ ಮೊದಲು
ಹಳೆ ಊರಿನ ಮನೆಗಳನ್ನು ಟೇಪು ಹಿಡಿದು ಅಳೆದವ.
ಕೆಂಪು ಗೆರೆಯ ಉದ್ದ ವಹಿ: ಕಂಬ ಆರು, ತೊಲೆ ಎರಡು,
ಜಂತಿ ಮೂವತ್ತೊಂದು, ಬೆಳಕಿಂಡಿ ಒಂದು,
ಸಾಗವಾನಿ ಬಾಗಿಲು, ಚಿಲಕ ಹಿತ್ತಾಳೆ,
ಹಗೇವು, ಆಳ ಒಂಬತ್ತು ಫೂಟು.
ಪ್ರತಿಯೊಂದಕ್ಕೂ ದರ.
ಕೊನೆಯ ಕಾಲಮ್ಮು ಷರಾ. ಪುಟಗಟ್ಟಲೆ ಖಾಲಿ.

ಜಂತಿಗೆ ಮೂರು ಚಿನ್ನದ ನಾಣ್ಯ, ತೊಲೆಗೆ ಹನ್ನೆರಡು.
ಕೆಲಸ ಇಷ್ಟು ಸಲೀಸಾಗಿದ್ದಕ್ಕೆ ತುಸು ನಾಚಿಕೆಯಾಯಿತು.

ಆಮೇಲೆ ನಿಯಮ ಹದಿನೇಳು:
ನಲವತ್ತೈದು ದಿನ ಆಟಗಾರ ಬಾರದಿದ್ದರೆ ಮನೆ ಕರಗುವುದು,
ಜಾಗ ಮುಂದಿನವರಿಗೆ, ಸಾಮಾನು ಊರ ಉಗ್ರಾಣಕ್ಕೆ.
ಇಲ್ಲದಿದ್ದರೆ ಓಣಿಯೆಲ್ಲ ಆಟ ಬಿಟ್ಟವರ ಕೀಲಿಗಳೇ.
ಚಹಾಕ್ಕೆ ಬಂದ ಮಾವ ಕನ್ನಡಕ ಏರಿಸಿ ಓದಿದ, ಎರಡು ಸಲ.
"ನೋಟಿಸ ಕೊಡ್ತಿ ಇಲ್ಲವಾ?"
ಕೊಡ್ತೀನಿ ಮಾಮಾ, ಹದಿನೈದು ದಿನ ಮೊದ್ಲ.
"ಯಾರ ಕೈಯಾಗ?"
ನಾನು ಸುಮ್ಮನಾದೆ.
"ನಾವು ಬಾಗಲಕ್ಕ ಅಂಟಸ್ತಿದ್ವಿ. ಓದಾಕ ಬರಲಾರದವರು
ನಮ್ಮನ್ನ ಒಳಗ ಕರದು, ನಮ್ಮ ಕೈಲೇನ ಓದಿಸಿ,
ಚಾ ಕೊಡ್ತಿದ್ರು."
ಬಶಿಯಲ್ಲಿ ಉಳಿದದ್ದನ್ನು ಕುಡಿಯದೆ ಎದ್ದ.

ಅವತ್ತು ರಾತ್ರಿ ವಹಿಯನ್ನು ಕೊನೆಯಿಂದ ತಿರುವಿದೆ.
ಇನ್ನೂರಾ ಹನ್ನೊಂದನೆ ಮನೆ. ಅವನದೇ ಅಂಕುಡೊಂಕು ಅಕ್ಷರ:
ಮಾಡದಲ್ಲಿ ದೀಪದ ಮಸಿ, ಸುಮಾರು ಎಂಟು ಇಂಚು. ದರ ಇಲ್ಲ.
ಯಾರ ಮನೆಯೆಂದು ನಾನು ಕೇಳಲಿಲ್ಲ.

ಬೆಳಿಗ್ಗೆ ಮಶಾಕನಿಗೆ ಹೇಳಿದೆ:
ಒಂದೇ ಮಾಡದಲ್ಲಿ ದಿನಾ ದೀಪವಿಟ್ಟರೆ
ಗೋಡೆ ಕಪ್ಪಾಗಲಿ, ದಿನಕ್ಕೊಂದು ಸಾಸಿವೆಯಷ್ಟು.
ಮಾರುವಂತಿಲ್ಲ, ಉಗ್ರಾಣಕ್ಕೆ ಹಾಕುವಂತಿಲ್ಲ.
ಮನೆ ಕರಗಿದರೂ ಅದು ಜಾಗ ಬಿಡದಿರಲಿ,
ಮುಂದಿನವರ ಗೋಡೆಯೊಳಗಿಂದ ಮೂಡಲಿ.
ಉಪಯೋಗ? ಅಂದ.
ಏನೂ ಇಲ್ಲ.
ಬೈಯುತ್ತಲೇ ಬರೆದ. ಮೂರು ದಿನ ಹಿಡಿಯಿತು.

ಪರೀಕ್ಷೆಯ ಮೂರನೆ ತಿಂಗಳು ತೇರದಾಳದ ಹುಡುಗನ ದೂರು:
ಹೊಸ ಮನೆ. ದೀಪ ಹಚ್ಚಿಯೇ ಇಲ್ಲ.
ಗೋಡೆಯಲ್ಲಿ ಕಪ್ಪು ಕಲೆ, ಎಷ್ಟು ತಿಕ್ಕಿದರೂ ಹೋಗವಲ್ದು.
ದೋಷವಲ್ಲ ಎಂದು ಟೈಪಿಸಿ, ಅಳಿಸಿ, ಮತ್ತೆ ಟೈಪಿಸುವಾಗ
ಅವನದೇ ಇನ್ನೊಂದು ಸಾಲು ಬಂತು:
ಮುಂದೆ ಕಪಾಟು ಸರಿಸಿದ್ದೆ. ಮತ್ತೆ ತೆಗೆದೆ.
ಇಲ್ಲಿ ಮೊದಲು ಯಾರಿದ್ದರು?

ಕೆಳಗೆ ಹೊಲಿಗೆ ಯಂತ್ರ ನಿಂತಿತು.
ಫೋನು ಹಚ್ಚಿದೆ.
ಮಾಮಾ, ಅಂದೆ, ಇನ್ನೂರಾ ಹನ್ನೊಂದು.