ಹಲ್ಲಿನ ಬಣ್ಣ

ಹೈದರಾಬಾದಿನಲ್ಲಿ ಹದಿನಾಲ್ಕು ಸಾವಿರ,
ಬೀದರಿನಲ್ಲಿ ನಾಕೂವರೆ. ಬಂದೆ.
ಇದಕ್ಕಿಂತ ದೊಡ್ಡ ಕಾರಣ ಹೇಳಿದರೆ ಸುಳ್ಳಾದೀತು.

ಟೆಂಪೋದಲ್ಲಿ ಹಾಸಿಗೆ, ಮಿಕ್ಸರು, ಅಮ್ಮನ ಟ್ರಂಕು,
ಮಡಿಲಲ್ಲಿ ಹಲ್ಲಿಗೆ ನುಣುಪು ಕೊಡುವ ಮೋಟಾರು.
ಜಹೀರಾಬಾದ್ ದಾಟಿದ ಮೇಲೆ
ಬೋರ್ಡಿನ ಅಕ್ಷರಗಳು ಗುಂಡಗೇ ಉಳಿದು
ತಲೆಕಟ್ಟು ಮಾತ್ರ ಬದಲಿಸಿಕೊಂಡವು.
ಕಾಚಿಗುಡಾದಲ್ಲಿ ಅಡುಗೆಮನೆ ದಾಟದಿದ್ದ ಕನ್ನಡ
ಇಲ್ಲಿ ಪಂಕ್ಚರ್ ಅಂಗಡಿಯ ಮೇಲೂ ಇತ್ತು.

ಮನೆ ಮಾಲಕ ಝರೆಪ್ಪ ಕೀಲಿ ಕೊಡುತ್ತಾ ಕೇಳಿದರು:
"ಏನ್ ಕೆಲ್ಸ ನಿಮ್ದು?"
"ಹಲ್ಲಿನ ಸೆಟ್ ಮಾಡ್ತೀನಿ."
"ಡಾಕ್ಟ್ರಾ?"
"ಅಲ್ಲ, ಡಾಕ್ಟರ ಹಿಂದಿನವಳು."
ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.
ಮೇಲಿನ ಸಾಲಿನಲ್ಲಿ ಮೂರಿಲ್ಲ; ಅಷ್ಟರಲ್ಲೇ ಎಣಿಸಿದ್ದೆ.

ಸಂಜೆ ಆರರ ಬಸ್ಸಿಗೆ ಡಬ್ಬಿ ಕೊಡುತ್ತೇನೆ.
ಕಂಡಕ್ಟರ್ ಮಷಾಕ್ ಕಿವಿಯ ಹತ್ತಿರ ಅಲ್ಲಾಡಿಸಿ
"ಇವತ್ ಎಷ್ಟ್ ಮಂದಿ ನಗ್ಲತ್ತಾರ?" ಅನ್ನುತ್ತಾನೆ.
ನಾಲ್ಕು ತಾಸು.
ನನಗೆ ಬಾಡಿಗೆ ಕಟ್ಟಲಾಗದ ಓಣಿಗಳಲ್ಲಿ
ನನ್ನ ಹಲ್ಲುಗಳು ಉಸ್ಮಾನಿಯಾ ಬಿಸ್ಕತ್ತು ಕಡಿಯುತ್ತವೆ,
ಯಾರದೋ ಮದುವೆಯ ಫೋಟೊಗೆ ನಿಲ್ಲುತ್ತವೆ.

ಅಲ್ಲಿಯ ಆರ್ಡರೆಲ್ಲ ಎ-ಒನ್, ಸುಣ್ಣದಂಥ ಬಿಳುಪು.
ಇಲ್ಲಿಯ ಮೊದಲ ಗಿರಾಕಿ, ತಂಬಾಕಿನ ಮುದುಕ ಮಾಣಿಕಪ್ಪ,
ಬಣ್ಣದ ಪಟ್ಟಿ ನೋಡಿ ಕೈಯಾಡಿಸಿದ:
"ಇಷ್ಟ್ ಬೆಳ್ಳಗ ಬ್ಯಾಡವ್ವ.
ಓಣ್ಯಾಗ ಮಂದಿ ಗುರ್ತ್ ಹಿಡೀಬೇಕಲ್ಲ."
ಎ-ಫೋರಿಗೆ ಒಂದಿಷ್ಟು ಚಹದ ಕಂದು ಬೆರೆಸಿ ಕೊಟ್ಟೆ.
ಕನ್ನಡಿ ನೋಡಿಕೊಂಡು, "ಹಾಂ, ಇಂವ ನಾನೇ" ಅಂದ.

ಎರಡು ವರ್ಷಕ್ಕೆ ಇಲ್ಲಿಯೂ ಎ-ಒನ್ ಕೇಳತೊಡಗಿದರು.
ನೌಬಾದ್ ಕಡೆ ಲೇಔಟಿನ ಕಲ್ಲುಗಳೂ ಅದೇ ಬಿಳಿ,
ಕೆಂಪು ಹೊಲದಲ್ಲಿ ಸಾಲಾಗಿ,
ವಸಡಿನಲ್ಲಿ ಮೂಡಿದ ಹಾಗೆ.
ಬೆಳಿಗ್ಗೆ ಏರ್‌ಫೋರ್ಸಿನ ಹುಡುಗರು ಹಾರಲು ಕಲಿಯುವಾಗ
ನನ್ನ ಮೇಜಿನ ಅಚ್ಚುಗಳು ಕಟಕಟ ಕಡಿಯುತ್ತವೆ.

ಒಂದು ರವಿವಾರ ಬಾಗಿಲಲ್ಲಿ ಒಬ್ಬಾಕೆ, ಜೊತೆಗೆ ಮಗ.
"ನಾ ಸುಗಂಧಾ. ನಿಮಗಿಂತ ಮೊದ್ಲ ಈ ಮನ್ಯಾಗ ಇದ್ದೆವ್ರಿ.
ಎರಡೂವರಿ ಕೊಡ್ತಿದ್ವಿ."
ಹಾಲಿನ ಲೆಕ್ಕ ಹೇಳಿದ ಹಾಗೆ ಹೇಳಿದಳು.
ಈಗ ಚಿದ್ರಿ ದಾಟಿ, ಆಟೊ ಒಲ್ಲೆ ಅನ್ನುವ ಕಡೆ.
ನಾಕೂವರೆ ನನಗೆ ಅಗ್ಗ ಎಂದಷ್ಟೇ ಗೊತ್ತಿತ್ತು,
ಯಾರಿಗೆ ತುಟ್ಟಿ ಎಂದು ಕೇಳಿರಲಿಲ್ಲ.

ಒಳಕೋಣೆಯ ಚೌಕಟ್ಟಿಗೆ ಹುಡುಗನನ್ನು ಒತ್ತಿ ನಿಲ್ಲಿಸಿದಳು.
ಅಲ್ಲಿ ಪೆನ್ಸಿಲಿನ ಐದು ಗೆರೆ;
ಬಣ್ಣ ಬಳಿಸುವಾಗ ಯಾಕೋ ಅಷ್ಟು ಜಾಗ ಬಿಡಿಸಿದ್ದೆ.
"ಅಲ್ಲಿ ಗ್ವಾಡಿಗಿ ಇನ್ನೂ ಗಿಲಾವ್ ಆಗಿಲ್ರಿ.
ಗೆರಿ ನಿಲ್ಲಂಗಿಲ್ಲ."
ಅಚ್ಚಿಗೆ ಗುರುತು ಹಾಕುವ ನೀಲಿ ಪೆನ್ಸಿಲು ಕೊಟ್ಟೆ.
ನಾಲ್ಕು ಬೆರಳು ಬೆಳೆದಿದ್ದ.
ನಕ್ಕ. ಮುಂದಿನ ಎರಡು ಹಾಲುಹಲ್ಲು ಬಿದ್ದಿದ್ದವು.
ನನಗೆ ಅಲ್ಲಿ ಕೆಲಸವಿಲ್ಲ. ತಾವೇ ಬರುತ್ತವೆ.

ಚಹ ಕುಡಿದು ಹೊರಟರು.
ಗೇಟಿನಲ್ಲಿ ಝರೆಪ್ಪ ಅವರಿಗೆ ದಾರಿ ಬಿಟ್ಟು,
ನನ್ನ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡರು.
"ಮುಂದಿನ ತಿಂಗ್ಳಿಂದ ಆರು ಮಾಡೂಣೇನ್ರಿ?
ಹೈದರಾಬಾದ್ ಮಂದಿ ಭಾಳ ಕೇಳ್ಲತ್ತಾರ."
ಈಗ ಬಾಯಿಗೆ ಕೈ ಅಡ್ಡ ಬರುವುದಿಲ್ಲ.
ಆ ಮೂರು ನಾನೇ ಕೂರಿಸಿದ್ದು, ಎ-ಒನ್,
ದುಡ್ಡು ತೊಗೊಂಡಿರಲಿಲ್ಲ.

ಬಸ್ಸಿಗೆ ಹೊತ್ತಾಗಿತ್ತು.
ಡಬ್ಬಿ ಹಿಡಿದು ಮೆಟ್ಟಿಲಿಳಿದೆ.