ಅತಿಥಿ ಯಂತ್ರ

ಬಾಷಾ ನಗರದ ಮಂಡಕ್ಕಿ ಭಟ್ಟಿಯ ಹಿಂದೆ
ತಗಡಿನ ಕೋಣೆ. ಮೇಜಿನ ಮೇಲೆ ಬೂದಿ,
ಬೂದಿಯ ಮೇಲೆ ಹೊಸ ಕಂಪ್ಯೂಟರು,
ಇನ್ನೂ ಪ್ಲಾಸ್ಟಿಕ್ ಹೊದ್ದೇ ಕೂತದ್ದು.
"ಇದರಾಗೆ ಅದು ಬರಬೇಕು" ಅಂದಳು ಖೈರುನ್ನಿಸಾ.

ಅದು ಅಂದರೆ ಚೀಲದ ಲೆಕ್ಕ.
ಹತ್ತೊಂಬತ್ತು ವರ್ಷದ ಹಿಂದೆ ಯಾರೋ ಹುಡುಗ
ಎರಡು ಸಾವಿರಕ್ಕೆ ಬರೆದುಕೊಟ್ಟು ಹೋದ ಪ್ರೋಗ್ರಾಮು;
ಹಳೇ ವಿಂಡೋಸ್ ಬಿಟ್ಟು ಬೇರೆಲ್ಲೂ ಕಾಲಿಡದ ಮಡಿವಂತ.
ಹಳೆಯ ಡಬ್ಬ ಮೊನ್ನೆ ಹೊಗೆ ಬಿಟ್ಟು ತಣ್ಣಗಾಯಿತು,
ಡಿಸ್ಕೊಂದು ಬದುಕಿತ್ತು, ನಕಲು ತೆಗೆದಿಟ್ಟಿದ್ದೆ.
ಹೊಸದರಲ್ಲಿ ಲಿನಕ್ಸು. ನಾನೇ ಹಾಕಿಸಿದ್ದು,
ಪುಕ್ಕಟೆ, ವೈರಸ್ಸಿನ ಕಾಟವಿಲ್ಲ ಎಂದು ಭಾಷಣ ಬಿಗಿದು.

ಯಂತ್ರದೊಳಗೆ ಇನ್ನೊಂದು ಯಂತ್ರ ಕಟ್ಟುತ್ತೇನೆ ಅಂದೆ.
"ಅದಕ್ಕೆ ಬ್ಯಾರೆ ಕರೆಂಟು ಬೇಕಾ?"
ಬೇಡ.
"ಜಾಗ?"
ಇಲ್ಲೇ ನಲವತ್ತು ಜಿಬಿಗೆ ಗೋಡೆ ಎಬ್ಬಿಸಿದರೆ ಸಾಕು.
"ಒಳಗಿರೋದಕ್ಕೆ ಗೊತ್ತಾಗುತ್ತಾ, ತಾನು ಒಳಗಿದೀನಿ ಅಂತ?"
ನಾನು ಸ್ಕ್ರೂಡ್ರೈವರ್ ಹುಡುಕತೊಡಗಿದೆ.

ಪರೀಕ್ಷೆಗೆಂದು ಎಬ್ಬಿಸಿದ ಖಾಲಿ ಯಂತ್ರ
ಕುಂಟುತ್ತ ಎದ್ದಿತು. ಬಾಣದ ಗುರುತು ಸರಿಸಿದರೆ
ಒಂದು ಗುಟುಕು ಚಾ ಇಳಿದ ಮೇಲೆ ಸರಿಯಿತು;
ನಡುವೆ ಒಬ್ಬ ದುಭಾಷಿ ಕೂತು
ಇವರದ್ದು ಅವರಿಗೆ, ಅವರದ್ದು ಇವರಿಗೆ
ಒತ್ತಕ್ಷರವನ್ನೂ ಬಿಡದೆ ತಿರುಗಿಸಿ ಹೇಳಿದ ಹಾಗೆ.
ಬಾಗಿಲಲ್ಲಿ ಇಣುಕಿದ ದಾದಾಪೀರ್ ನಕ್ಕ:
"ತೊಯ್ದ ಹೊಟ್ಟು ಹಾಕಿದಂಗಾತಲ್ರೀ."

ಕೆವಿಎಂ ಸಿಗುತ್ತಿಲ್ಲ, ಎನ್ನುತ್ತಿತ್ತು ಕಪ್ಪು ಪರದೆ.
ಪ್ರೊಸೆಸರಿಗೆ ಆ ಶಕ್ತಿ ಹುಟ್ಟಿನಿಂದಲೇ ಇತ್ತು,
ಕಾರ್ಖಾನೆಯವರು ಯಾಕೋ ಬೀಗ ಜಡಿದು ಕಳಿಸಿದ್ದರು.
ಆರಿಸಿ ಹಚ್ಚಿದೆ. ಲೋಗೋ ಮೂಡುವ ಮೊದಲೇ
ಎಫ್ ಎರಡನ್ನು ಸರಿರಾತ್ರಿಯ ಬಾಗಿಲಂತೆ ಬಡಿದೆ.
ಬಯಾಸಿನ ನೀಲಿ ಕೋಣೆ, ಮೂರನೆಯ ಪುಟ,
ಕೆಳಗಿನಿಂದ ಎರಡನೆಯ ಸಾಲು:
ವರ್ಚುಯಲೈಸೇಷನ್, ಡಿಸೇಬಲ್ಡ್.
ಎಂಟರ್.
ಎನೇಬಲ್ಡ್.
ಒಂದು ಪದಕ್ಕೆ ಇಡೀ ಬೆಳಗು ಹೋಗಿತ್ತು.

ಆಮೇಲೂ ಒಂದು ತಡೆ. ಅನುಮತಿ ಇಲ್ಲವಂತೆ.
ಭಟ್ಟಿ ಖೈರುನ್ನಿಸಾಳದ್ದು, ಮೇಜು ಅವಳದ್ದು, ಬಿಲ್ಲೂ ಅವಳ ಹೆಸರಿಗೆ;
ಕೆವಿಎಂ ಗುಂಪಿನ ಪಟ್ಟಿಯಲ್ಲಿ ಮಾತ್ರ ಅವಳಿಲ್ಲ.
ಸೇರಿಸಿದೆ. ಈಗ ಹೊರಗೆ ಹೋಗಿ
ಮತ್ತೆ ಒಳಗೆ ಬರಬೇಕು ಅಂದೆ.
ಲಾಗೌಟ್ ಎನ್ನುವಷ್ಟರಲ್ಲಿ
ಅವಳು ಚಪ್ಪಲಿ ಮೆಟ್ಟಿ ಅಂಗಳಕ್ಕಿಳಿದು
ತಿರುಗಿ ಬಂದು ಕೂತಿದ್ದಳು.
ತಮಾಷೆಗೋ ನಿಜಕ್ಕೋ ಈಗಲೂ ಗೊತ್ತಿಲ್ಲ.

ಆಗ ಎದ್ದಿತು ನೋಡಿ,
ಹೊರಗೆ ಕಾದ ಮರಳಿಗೆ ಅಕ್ಕಿ ಸುರಿದ ಚಟಪಟಕ್ಕೂ
ಅದಕ್ಕೂ ಸರಿಹೋಯಿತು.
ದುಭಾಷಿ ಎದ್ದು ಹೋಗಿದ್ದ,
ಒಳಗಿನದಕ್ಕೆ ಬೆಂಕಿ ನೇರ ತಾಗುತ್ತಿತ್ತು.
ಕಿಟಕಿಯೊಳಗೆ ಕಿಟಕಿ, ಅದರೊಳಗೆ ಹಸಿರು ಗುಡ್ಡ,
ಗುಡ್ಡದ ನೆತ್ತಿಯಲ್ಲಿ ಚೀಲದ ಲೆಕ್ಕದ ಪುಟ್ಟ ಚಿತ್ರ.

ಒತ್ತಿದಳು. ಹಳದಿ ಚೌಕವೊಂದು ತಡೆದು ಕೇಳಿತು:
ಕಳೆದ ಸಲ ನನ್ನನ್ನು ಸರಿಯಾಗಿ ಮುಚ್ಚಿರಲಿಲ್ಲ,
ಮುಂದುವರಿಸಲೇ?
ಅದರ ಹಿಂದೆ ಎಡಗೈ ಬಾಬು, ಇಪ್ಪತ್ತು ಚೀಲ;
ಹರಿಹರದ ಗೌರಮ್ಮ, ಹನ್ನೆರಡು, ಬಾಕಿ;
ಎಲ್ಲ ಇದ್ದಲ್ಲೇ.
ಹೊಗೆ ಎದ್ದದ್ದು, ತಾನಿದ್ದ ಡಬ್ಬ ಗುಜರಿ ಸೇರಿದ್ದು
ಅದಕ್ಕೆ ಗೊತ್ತೇ ಇಲ್ಲ ಅಂದೆ,
ಬೆಳಗಿನ ಪ್ರಶ್ನೆಗೆ ತಡವಾಗಿ.

ಅವಳು ಎಂಟರಿನ ಮೇಲೆ ಬೆರಳಿಟ್ಟು ಕೊಂಚ ತಡೆದಳು.
"ಹೇಳೋದು ಬ್ಯಾಡ ಬಿಡ್ರಿ."

ಕೂಲಿಯ ಅರ್ಧ ರೊಕ್ಕ, ಅರ್ಧ ಒಂದು ಚೀಲ ಮಂಡಕ್ಕಿ.
ಗಾಡಿಯ ಹಿಂದೆ ಕಟ್ಟಿದರೆ ತೂಕವೇ ಇಲ್ಲ,
ಬರೀ ಅಕ್ಕಿಯೊಳಗೆ ಕೂತ ಗಾಳಿ.
ತಿರುವಿನ ಗುಜರಿಯಂಗಡಿ ಮುಂದೆ
ಹಳೆಯ ಡಬ್ಬ ಕವುಚಿ ಬಿದ್ದಿತ್ತು;
ಅದರ ಮೇಲೆ ಕೂತು ಹುಡುಗನೊಬ್ಬ
ಮಿರ್ಚಿಯ ತೊಟ್ಟು ಹಿಡಿದು ಊದುತ್ತಿದ್ದ,
ಆರಲಿ ಎಂದು.